ಗಾಜಿನ ಹಿಂದೆ ಒಂದು ಗೊಂಬೆ ಹಬ್ಬ

ಡಿಸೆಂಬರ್ ಬಂದರೆ ನಾವು ನ್ಯೂಜೆರ್ಸಿಯಿಂದ ರೈಲು ಹತ್ತಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ಹೋಗುತ್ತೇವೆ. ಏನೂ ಕೊಳ್ಳಲು ಅಲ್ಲ, ಸುಮ್ನೆ ಬಟ್ಟೆ ಅಂಗಡಿಗಳ ಕಿಟಕಿ ನೋಡಲು. ಫಿಫ್ತ್ ಅವೆನ್ಯೂನ ಬರ್ಗ್‌ಡಾರ್ಫ್ ಗುಡ್‌ಮನ್ ಮುಂದೆ ಆ ಚಳಿಯಲ್ಲೂ ಜನ ಗುಂಪುಗಟ್ಟಿ ನಿಂತಿರುತ್ತಾರೆ. ಗಾಜಿನ ಹಿಂದೆ ಒಂದೋ ಎರಡೋ ಉಡುಪು. ಸುತ್ತಲೂ ಕೈಯಿಂದ ಕಟ್ಟಿದ ಒಂದು ಲೋಕ.

ಈ ಊರಿಗೆ ಇದು ಹಳೆಯ ರೂಢಿ. 1874ರಲ್ಲೇ ಮೇಸೀಸ್ ಅಂಗಡಿ ಕ್ರಿಸ್‌ಮಸ್‌ಗೆಂದು ಕಿಟಕಿಯಲ್ಲಿ ಪಿಂಗಾಣಿ ಗೊಂಬೆಗಳನ್ನು ಜೋಡಿಸಿತ್ತು. 1938ರಲ್ಲಿ ಲಾರ್ಡ್ ಅಂಡ್ ಟೇಲರ್‌ನವರು ಮಾರುವ ಸರಕನ್ನೇ ತೆಗೆದು, ಬರೀ ಗಂಟೆಗಳನ್ನು ತೂಗಾಡಿಸಿದರು. ಮರುವರ್ಷ ಚಿತ್ರಕಾರ ಸಾಲ್ವಡಾರ್ ಡಾಲಿ ಬಾನ್‌ವಿಟ್ ಟೆಲ್ಲರ್ ಅಂಗಡಿಗೆ ಕಿಟಕಿ ಅಲಂಕರಿಸಿಕೊಟ್ಟ. ಅಂಗಡಿಯವರು ತನ್ನನ್ನು ಕೇಳದೆ ಅದನ್ನು ಬದಲಿಸಿದ್ದು ಕಂಡು ಕೆರಳಿದ. ಒಳಗಿದ್ದ ಸ್ನಾನದ ತೊಟ್ಟಿಯನ್ನು ಎಳೆದಾಡಿದ. ತೊಟ್ಟಿ ಗಾಜು ಒಡೆದುಕೊಂಡು ಬೀದಿಗೇ ಬಂತು! ಅಂಗಡಿಯ ಕಿಟಕಿಯೂ ಅವನಿಗೆ ತನ್ನ ಚಿತ್ರದಷ್ಟೇ ದೊಡ್ಡದಾಗಿತ್ತು ಅಲ್ವಾ? ನನಗೆ ಹಿಡಿಸುವುದು ಅದೇ.

ಹೋದ ಸಲ ಬೆಂಗಳೂರಿಗೆ ಹೋದಾಗ ಒಂದು ಸೀರೆ ಅಂಗಡಿಯ ಮುಂದೆ ನಿಂತು ತುಂಬಾ ಬೇಜಾರಾಯಿತು. ನೀಲಿ ಕಣ್ಣಿನ ಬಿಳಿ ಬೊಂಬೆಗಳು, ಅವಕ್ಕೆ ಪಿನ್ನು ಚುಚ್ಚಿ ಸುತ್ತಿದ ರೇಷ್ಮೆ ಸೀರೆ, ಕಾಲಡಿಯಲ್ಲಿ ಹತ್ತಿಯ ಹಿಮ. ನಮ್ಮಲ್ಲಿ ಹಿಮ ಎಲ್ಲಿ ಬೀಳುತ್ತದೆ?

ತೋರಿಸುವ ಕಲೆ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಚಿಕ್ಕಪೇಟೆಯಲ್ಲಿ ಬಿಳಿ ಹಾಸಿನ ಮೇಲೆ ಕೂತ ಅಂಗಡಿಯವರು ಮಡಿಕೆ ಬಿಚ್ಚಿ ಒಂದೇ ಬೀಸಿಗೆ ಸೆರಗು ಹರಡುತ್ತಾರೆ. ಅಮ್ಮನ ಹೆಗಲ ಮೇಲೆ ಹಾಕಿ ಕನ್ನಡಿ ಕಡೆ ತಿರುಗಿಸುತ್ತಾರೆ. ಬಟ್ಟೆಗೆ ಜೀವ ಬರುವುದು ಆಗ. ಫಿಫ್ತ್ ಅವೆನ್ಯೂನಲ್ಲಿ ಇದು ಸಿಗುವುದಿಲ್ಲ. ಆದರೆ ಚಿಕ್ಕಪೇಟೆಯ ಬೀದಿಯಲ್ಲಿ ಹೋಗುವವರ ಕಣ್ಣಿಗೂ ಅದು ಬೀಳುವುದಿಲ್ಲ.

ಇನ್ನು ದಸರೆಯ ಗೊಂಬೆ ಹಬ್ಬ. ಅಜ್ಜಿ ಮೆಟ್ಟಿಲು ಕಟ್ಟಿ, ಪಟ್ಟದ ಗೊಂಬೆಗಳಿಗೆ ಜರಿಯಂಚಿನ ಬಟ್ಟೆ ಉಡಿಸುತ್ತಿದ್ದಳು. ಕನ್ನಡಿ ಮಲಗಿಸಿದರೆ ಕೆರೆ, ರಾಗಿ ಮೊಳಕೆ ಬರಿಸಿದರೆ ಹೊಲ. ಯಾವುದು ಮುಂದೆ, ಯಾವುದು ಹಿಂದೆ, ದೀಪ ಎಲ್ಲಿ ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಿಟಕಿ ಅಲಂಕರಿಸುವವರಿಗೆ ಬೇಕಾದದ್ದು ಆ ಕಣ್ಣೇ. ನಮ್ಮ ಅಂಗಡಿಗಳು ಅದನ್ನು ಬಿಟ್ಟು ನ್ಯೂಯಾರ್ಕಿನ ಹಿಮವನ್ನು ಯಾಕೆ ತರಿಸಿಕೊಳ್ಳಬೇಕು?

ಇಳಕಲ್ ಸೀರೆಯನ್ನೇ ನೋಡಿ. ಒಡಲಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಎಷ್ಟೋ ವರ್ಷ ಉಟ್ಟವರಿಗೂ ಇದು ಗೊತ್ತಿರುವುದಿಲ್ಲ. ಒಂದು ಕಿಟಕಿಯಲ್ಲಿ ಬೊಂಬೆಯೇ ಬೇಡ, ಒಂದೇ ಒಂದು ಸೀರೆ ಸಾಕು. ಅರ್ಧ ಜೋಡಿಸಿ ಅರ್ಧ ಬಿಟ್ಟ ಹಾಸು, ಈ ಕಡೆ ಹತ್ತಿ, ಆ ಕಡೆ ಕೆಂಪು ರೇಷ್ಮೆ. ನಾನಾದರೆ ದೀಪದ ಬೆಳಕನ್ನು ಆ ಕೊಂಡಿಗಳ ಮೇಲೇ ಬಿಡುತ್ತೇನೆ.