ಗಾಡಿಯ ಗಾದಿ

ನಿವೃತ್ತಿಯ ಹಣದಲ್ಲಿ ಕೆಲವರು ನಿವೇಶನ ಕೊಳ್ಳುತ್ತಾರೆ, ಕೆಲವರು ಮಗನಿಗೆ ಅಂಗಡಿ ಹಾಕಿಕೊಡುತ್ತಾರೆ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನಾನು ಒಂದು ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಅದರ ಹೊಟ್ಟೆಯೊಳಗಿನದನ್ನೆಲ್ಲ ಕೀಳಿಸಿ, ಮಲಗಲು, ಉಣ್ಣಲು, ಚಹಾ ಕಾಸಲು ಅನುಕೂಲವಿರುವ ಮನೆಗಾಡಿಯನ್ನಾಗಿ ಮಾಡಿಸಿದೆ. ಇಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಅದು ನಾನು ಹೆದರಿದ್ದಕ್ಕಿಂತ ಸುಲಭವಾಗಿಯೇ ಸಿಕ್ಕಿತು. ಬಡಗಿಯ ಕೆಲಸ, ವೈರಿಂಗು, ನೀರಿನ ಟಾಕಿ ಎಲ್ಲವೂ ಯುಗಾದಿಯ ಹೊತ್ತಿಗೆ ಮುಗಿದಿದ್ದವು. ಉಳಿದಿದ್ದದ್ದು ಗಾದಿಗಳಿಗೆ ಬಟ್ಟೆ ಆರಿಸುವ ಕೆಲಸವೊಂದೇ. ಅದು ಒಂದು ಮಧ್ಯಾಹ್ನದ ಮಾತೆಂದು ತಿಳಿದಿದ್ದೆ. ಅದು ಮುಗಿಯುವಷ್ಟರಲ್ಲಿ ಮುಂಗಾರು ಬಂದಿತ್ತು.

ಮನೆಯ ಸೋಫಾಕ್ಕೂ ಗಾಡಿಯ ಗಾದಿಗೂ ಇರುವ ವ್ಯತ್ಯಾಸವನ್ನು ನಾನು ಆಗ ಅರಿತಿರಲಿಲ್ಲ. ಸೋಫಾ ಹುಟ್ಟಿನಿಂದ ಸಾವಿನವರೆಗೆ ಸೋಫಾ ಆಗಿಯೇ ಇರುತ್ತದೆ. ಗಾಡಿಯಲ್ಲಿ ಎದುರುಬದುರಾಗಿರುವ ಎರಡು ಉದ್ದನೆಯ ಬೆಂಚುಗಳು ಬೆಳಿಗ್ಗೆ ಕುರ್ಚಿ, ಮಧ್ಯಾಹ್ನ ಪಂಕ್ತಿಯ ಚಾಪೆ, ಸಂಜೆ ಮೊಮ್ಮಕ್ಕಳ ಕುಸ್ತಿಯ ಅಖಾಡ. ರಾತ್ರಿ ನಡುವಿನ ಮೇಜನ್ನು ಕೆಳಗಿಳಿಸಿ ಮೇಲೆರಡು ಸಣ್ಣ ಗಾದಿ ಹಾಸಿದರೆ ಮಂಚ. ಇದರ ನಡುವೆ ಯಾರಿಗಾದರೂ ಬೇಳೆಯ ಡಬ್ಬಿ ಬೇಕಾದರೆ ಅದೇ ಗಾದಿ ಪೆಟ್ಟಿಗೆಯ ಮುಚ್ಚಳವಾಗುತ್ತದೆ. ಇಷ್ಟೂ ಕೆಲಸಕ್ಕೆ ಒಂದೇ ಬಟ್ಟೆ ಸಾಕಾಗಬೇಕು. ಐವತ್ತನಾಲ್ಕು ಇಂಚು ಅಗಲದ ತಾನಿನಲ್ಲಿ ಹದಿಮೂರು ಮೀಟರ್ ಬೇಕಾಗುತ್ತದೆಂದು ಹುಮನಾಬಾದ್ ರಸ್ತೆಯಲ್ಲಿ ಸೀಟು ಹೊಲಿಯುವ ಉಸ್ತಾದರು ಟೇಪು ಹಿಡಿಯದೆ, ಬಾಗಿಲಲ್ಲಿ ನಿಂತು ನೋಡಿಯೇ ಹೇಳಿದರು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ಹನ್ನೊಂದು ಸಾಕೆಂದು ವಾದಿಸಿದೆ. ಹೊಲಿಗೆಗೆ ಒಳಗೆ ಮಡಚುವ ಅಂಚನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಉಸ್ತಾದರ ಮತದಲ್ಲಿ ಗಾಡಿಗೆ ರೆಕ್ಸಿನ್ ಬಿಟ್ಟರೆ ಬೇರೆ ದೇವರಿಲ್ಲ. "ಒರಸಿದ್ರ ಮುಗೀತ್ರಿ ಸರ್. ನೀರ್ ಹಾಕ್ರಿ, ಚಹಾ ಚೆಲ್ರಿ, ಏನೂ ಆಗಂಗಿಲ್ಲ" ಎಂದು ಅವರು ಒಂದು ಹಳೆಯ ಗಾದಿಗೆ ಕಂದು ರೆಕ್ಸಿನ್ ಹೊಲಿದು ತಂದರು. ರೆಕ್ಸಿನ್ ಎಂಬುದು ಮೂಲದಲ್ಲಿ ಹತ್ತಿ ಬಟ್ಟೆಗೆ ಲೇಪ ಬಳಿದು ತೊಗಲಿನಂತೆ ತೋರುವಂತೆ ಮಾಡಿದ ಬ್ರಿಟನ್ನಿನ ಸರಕೊಂದರ ವ್ಯಾಪಾರಿ ಹೆಸರು. ನಮ್ಮ ಕಡೆ ಹೊಳೆಯುವ, ಒರೆಸಬಹುದಾದ ಎಲ್ಲಕ್ಕೂ ಅದೇ ಹೆಸರು ನಿಂತಿದೆ. ಈಗ ಅಂಗಡಿಯಲ್ಲಿ ಸಿಗುವುದು ಬಹುಮಟ್ಟಿಗೆ ಪಿವಿಸಿ ಲೇಪದ ಬಟ್ಟೆ. ಪಿವಿಸಿ ತಾನಾಗಿ ಕಟ್ಟಿಗೆಯಂತೆ ಗಡುಸಾದ ವಸ್ತು. ಅದನ್ನು ಮೆತ್ತಗಿಡುವುದು ಅದರೊಳಗೆ ಬೆರೆಸಿದ ಎಣ್ಣೆಯಂಥ ದ್ರವ. ಬಿಸಿಲಿನಲ್ಲಿ ಆ ದ್ರವ ಮೆಲ್ಲಗೆ ಹೊರಟುಹೋಗಿ ಕಿಟಕಿಯ ಗಾಜಿನ ಮೇಲೆ ಜಿಡ್ಡಾಗಿ ಕೂರುತ್ತದೆ, ಹಿಂದುಳಿದ ರೆಕ್ಸಿನ್ ಬಿರುಕು ಬಿಡುತ್ತದೆ. ಇದನ್ನೆಲ್ಲ ನಾನು ಉಸ್ತಾದರಿಗೆ ಕಾಲು ಗಂಟೆ ವಿವರಿಸಿದೆ. ಅವರು ಸಹನೆಯಿಂದ ಕೇಳಿ, ಕೂತು ನೋಡಿ ಎಂದರು.

ಕೂತೆ. ಮೇ ತಿಂಗಳ ಕಲಬುರಗಿ. ಹೊರಗೆ ನಲವತ್ಮೂರು ಡಿಗ್ರಿ. ಮುಚ್ಚಿದ ಗಾಡಿಯೊಳಗೆ ನಾನೇ ತೂಗುಹಾಕಿದ್ದ ತಾಪಮಾಪಕ ಅರವತ್ತೊಂದು ತೋರಿಸುತ್ತಿತ್ತು. ಮೊಣಕಾಲಿನವರೆಗಿನ ಚಡ್ಡಿ ತೊಟ್ಟು ಪ್ರಯೋಗಕ್ಕೆ ಹೋದದ್ದು ನನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪು. ಕೂತ ಕೂಡಲೇ ಏಳಬೇಕೆಂದು ದೇಹವೆಲ್ಲ ಕೂಗಿತು, ಆದರೆ ತೊಡೆಯ ಹಿಂಭಾಗ ಆಗಲೇ ರೆಕ್ಸಿನ್ನಿನ ಪಕ್ಷ ಸೇರಿತ್ತು. ಬಿಡಿಸಿಕೊಂಡು ಎದ್ದಾಗ ಬಂದ ಸದ್ದಿಗೆ ಅಂಗಳದ ಪಾರಿವಾಳಗಳು ಹಾರಿದವು. ಇನ್ನೊಂದು ಸಂಕಟವೂ ಇತ್ತು. ಲೇಪವಿರುವ ಬಟ್ಟೆಯಲ್ಲಿ ಗಾಳಿ ಆಡುವುದಿಲ್ಲವಾದ್ದರಿಂದ, ಮೇಲೆ ಯಾರಾದರೂ ಕೂತಾಗ ಫೋಮಿನೊಳಗಿನ ಗಾಳಿಯೆಲ್ಲ ಹೊಲಿಗೆಯ ಸಂದಿಯಿಂದಲೇ ಹೊರಬೀಳಬೇಕು. ಗಾಡಿ ನೋಡಲೆಂದು ಬಂದ ಬೀಗರು ಗಂಭೀರವಾಗಿ ಕುಳಿತುಕೊಂಡ ಗಳಿಗೆಯಲ್ಲಿ ಅದು ಹಾಗೆಯೇ ಹೊರಬಿತ್ತು. ಬೀಗರು ನನ್ನನ್ನು ನೋಡಿದರು, ನಾನು ಬೀಗರನ್ನು ನೋಡಿದೆ, ವಿಜ್ಞಾನವನ್ನು ವಿವರಿಸಲು ಅದು ಸಮಯವಾಗಿರಲಿಲ್ಲ. ಮರುದಿನ ಉಸ್ತಾದರು ಗಾದಿಯ ಹಿಂಬದಿಗೆ ನಾಲ್ಕು ಹಿತ್ತಾಳೆಯ ಕಣ್ಣುಗಳನ್ನು ಕೂರಿಸಿ ಗಾಳಿಗೆ ದಾರಿ ಮಾಡಿಕೊಟ್ಟರು. ಅಲ್ಲಿಂದ ಮುಂದೆ ಅದು ಸಿಳ್ಳೆ ಹಾಕತೊಡಗಿತು.

ಬೆಂಗಳೂರಿನ ಅಳಿಯ ಫೋನಿನಲ್ಲಿ, ಲೆದರೆಟ್ ಎಂಬ ನಕಲಿ ತೊಗಲು ಹಾಕಿಸಿ ಎಂದ. ಅದರ ವಿಷಯದಲ್ಲಿ ನನಗೆ ಪ್ರಯೋಗ ಬೇಕಾಗಿರಲಿಲ್ಲ, ಅನುಭವವೇ ಇತ್ತು. ಪಾಲಿಯುರೆಥೇನ್ ಲೇಪದ ಅಗ್ಗದ ಲೆದರೆಟ್ಟಿನ ಅಣುಗಳ ಸರಪಳಿಗಳನ್ನು ಬೆವರಿನ ಮತ್ತು ಗಾಳಿಯ ತೇವ ಸೆಕೆಯ ಜೊತೆಗೂಡಿ ಮೆಲ್ಲಗೆ ಕಡಿಯುತ್ತದೆ. ನಾಲ್ಕೈದು ವರ್ಷದಲ್ಲಿ ಅದು ಹಪ್ಪಳದಂತೆ ಏಳುತ್ತದೆ. ಮಗಳ ಮದುವೆಗೆಂದು ಕೊಂಡ ನಮ್ಮ ಮನೆಯ ಕಪ್ಪು ಸೋಫಾಕ್ಕೂ ಅದೇ ಗತಿಯಾಗಿ, ಒಮ್ಮೆ ಅದರ ಮೇಲೆ ಹತ್ತು ನಿಮಿಷ ಕೂತೆದ್ದ ನಾನು ಬಿಳಿಯ ಧೋತರದಲ್ಲಿ ಇನ್ನೊಂದು ಮದುವೆಗೆ ಹೋಗಿದ್ದೆ. ಅಕ್ಷತೆ ಹಾಕಲು ಮುಂದೆ ನಡೆದಾಗ ಹಿಂದಿನವರು ಯಾಕೆ ನಗುತ್ತಿದ್ದಾರೆಂದು ಊಟದವರೆಗೂ ನನಗೆ ತಿಳಿಯಲಿಲ್ಲ.

ನಮ್ಮಾಕೆಯ ಆಯ್ಕೆ ಮಖಮಲ್ಲು. ನವಿಲಿನ ಕೊರಳಿನ ಬಣ್ಣದ ಆ ತುಣುಕನ್ನು ಅವಳು ಸೂಪರ್ ಮಾರ್ಕೆಟ್ಟಿನಿಂದ ತಂದಾಗ ನನಗೂ ಮನಸ್ಸಾಯಿತು. ಆದರೆ ಮಖಮಲ್ಲೆಂದರೆ ನಿಂತ ಎಳೆಗಳ ಹೊಲ; ಅಲ್ಲಿ ಬಿದ್ದದ್ದು ಬೇರು ಬಿಡುತ್ತದೆ. ನಮ್ಮ ಕಡೆಯ ಎರೆಮಣ್ಣಿನ ಧೂಳು, ಖಡಕ್ ರೊಟ್ಟಿಯ ಚೂರು, ಶೇಂಗಾ ಹಿಂಡಿ, ಇವು ಮೂರೂ ಒಂದೇ ಊಟದಲ್ಲಿ ಅದರೊಳಗೆ ಇಳಿದವು. ಹಿಂಡಿಯನ್ನು ಬ್ರಷ್ಷಿನಿಂದ ಕೊಡವಿದೆವು. ಅದರ ಎಣ್ಣೆ ಹಾಗೆಯೇ ಉಳಿಯಿತು. ಸಾಲದ್ದಕ್ಕೆ ಅದು ಪಾಲಿಯೆಸ್ಟರಿನ ಮಖಮಲ್ಲಾಗಿದ್ದು, ಗಾಳಿ ಒಣಗಿದ್ದ ಆ ದಿನಗಳಲ್ಲಿ ಸರಿದು ಕೂತವರು ಬಾಗಿಲಿನ ಕಬ್ಬಿಣ ಮುಟ್ಟಿದರೆ ಚುರ್ರೆನ್ನುವಂತೆ ವಿದ್ಯುತ್ತು ಹೊಡೆಯುತ್ತಿತ್ತು. ಮೊಮ್ಮಕ್ಕಳಿಗೆ ಅದು ಬಹಳ ಹಿಡಿಸಿತು. ಎರಡು ದಿನ ಬಂದವರನ್ನೆಲ್ಲ ಕರೆದು ಕೂರಿಸಿ ಬಾಗಿಲು ಮುಟ್ಟಿಸಿದರು.

ಆಮೇಲೆ ದೊಡ್ಡ ಅಂಗಡಿಗೇ ಹೋದೆವು. ಅಲ್ಲಿಯ ಮಾದರಿ ತುಣುಕೊಂದರ ಚೀಟಿಯ ಮೇಲೆ 30,000 ಎಂದು ಅಚ್ಚಾಗಿತ್ತು. ಅದು ಬಟ್ಟೆಯನ್ನು ಮಾರ್ಟಿನ್‌ಡೇಲ್ ಎಂಬ ಯಂತ್ರದಲ್ಲಿ ಇನ್ನೊಂದು ಬಟ್ಟೆಗೆ ಸುತ್ತಿ ಸುತ್ತಿ ಉಜ್ಜಿ, ಎಷ್ಟು ಸುತ್ತಿನವರೆಗೆ ಸವೆಯದೆ ತಡೆಯಿತೆಂದು ಎಣಿಸಿದ ಲೆಕ್ಕ. ನಾನು ಸಂತೋಷದಿಂದ "ಮೂವತ್ತು ಸಾವಿರ!" ಎಂದೆ. ನಮ್ಮಾಕೆ "ಒಂದ್ ಮೀಟರಿಗೇನ್ರಿ? ನಡೀರಿ ಮನಿಗಿ" ಎಂದು ಮೆಟ್ಟಿಲಿಳಿದೇಬಿಟ್ಟಳು. ಅವಳನ್ನು ಮರಳಿ ಕರೆತರುವಷ್ಟರಲ್ಲಿ ಅಂಗಡಿಯವನು ಆ ತಾನನ್ನು ಬೇರೆಯವರಿಗೆ ಕತ್ತರಿಸುತ್ತಿದ್ದ.

ಇಷ್ಟರಲ್ಲಿ ನನ್ನ ಮನಸ್ಸು ಹತ್ತಿಯ ಮೇಲೆ ನಿಂತಿತ್ತು. ಬೆವರು ಹೀರುತ್ತದೆ, ಮೈ ಸುಡುವುದಿಲ್ಲ, ಅಂಟುವುದಿಲ್ಲ. ಬಿಸಿಲ ನಾಡಿನವರು ಹತ್ತಿಯನ್ನು ಬಿಟ್ಟು ಬೇರೆಯದನ್ನು ಹುಡುಕುವುದೇ ಅವಿವೇಕವೆಂದು ಮನೆಯಲ್ಲಿ ಭಾಷಣ ಮಾಡಿ, ದಪ್ಪನೆಯ ಖಾದಿ ತಂದು, ಎರಡು ದೊಡ್ಡ ಗಾದಿಗಳಿಗೆ ಗವಸು ಹೊಲಿಸಿದೆ. ಹೊಲಿಯುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಲೇ ಎಂದು ಉಸ್ತಾದರು ಕೇಳಿದರು. ಎರಡು ದಿನ ತಡವಾಗುತ್ತದೆಂದು ನಾನು ಬೇಡವೆಂದೆ. ಮೊದಲ ಒಗೆತಕ್ಕೆ ಗವಸು ಉದ್ದದಲ್ಲಿ ನಾಲ್ಕು ಬೆರಳು ಕುಗ್ಗಿತು. ಆರಡಿ ಉದ್ದದ, ಐದು ಇಂಚು ದಪ್ಪದ ಫೋಮನ್ನು ಐದೂಮುಕ್ಕಾಲು ಅಡಿಯ ಗವಸಿಗೆ ತುಂಬುವ ಕೆಲಸವನ್ನು ನಾನೂ ನನ್ನ ತಮ್ಮನೂ ಸೇರಿ ಮಾಡಿದೆವು. ಅವನು ಫೋಮನ್ನು ತೊಗರಿಯ ಚೀಲದಂತೆ ತಬ್ಬಿ ಹಿಡಿದ. ನಾನು ಗವಸಿನೊಳಗೆ ತಲೆ ಹಾಕಿ ಒಳಗಿನಿಂದ ಎಳೆದೆ. ಫೋಮು ಒಳಗೆ ಬಂತು, ನಾನು ಹೊರಗೆ ಬರಲಿಲ್ಲ. ಜಿಪ್ಪು ಹರಿದ ಮೇಲೆ ಇಬ್ಬರೂ ಹೊರಬಂದೆವು. ಇನ್ನೊಂದು ಗಾದಿಯ ಕಿಟಕಿ ಬದಿಯ ಅಂಚು ಮೂರೇ ವಾರದಲ್ಲಿ ನೀಲಿಯಿಂದ ಬೂದಿಗೆ ತಿರುಗಿತ್ತು, ಏಕೆಂದರೆ ಕಿಟಕಿಯ ಗಾಜು ಅತಿನೇರಳೆ ಕಿರಣಗಳಲ್ಲಿ ಒಂದು ಬಗೆಯನ್ನು ತಡೆದರೂ ಬಣ್ಣ ತಿನ್ನುವ ಇನ್ನೊಂದು ಬಗೆಯನ್ನು ಬಹಳಷ್ಟು ಒಳಬಿಡುತ್ತದೆ.

ಬೆಂಕಿಯ ಪರೀಕ್ಷೆಯನ್ನೂ ಬಿಡಲಿಲ್ಲ. ಗ್ಯಾಸಿನ ಒಲೆಗೆ ಮಾರು ದೂರದಲ್ಲೇ ಗಾದಿ ಇರುವಾಗ ಇದು ನಗೆಯ ಮಾತಲ್ಲ. ವಾಹನದೊಳಗಿನ ಬಟ್ಟೆ ಎಷ್ಟು ವೇಗವಾಗಿ ಉರಿಯಬಹುದೆಂಬುದಕ್ಕೆ ನಮ್ಮಲ್ಲಿ ಐಎಸ್ 15061 ಎಂಬ ಮಾನಕವಿದೆ. ಅಮೆರಿಕದ 302ನೆಯ ಸಂಖ್ಯೆಯ ಮಾನಕದಲ್ಲಿ ಉರಿಯುವ ವೇಗ ಮಿನಿಟಿಗೆ 102 ಮಿಲಿಮೀಟರಿಗಿಂತ ಹೆಚ್ಚಬಾರದು. ನನ್ನಲ್ಲಿದ್ದದ್ದು ಒಂದು ಚಿಮುಟ, ಒಂದು ಕಡ್ಡಿಪೆಟ್ಟಿಗೆ, ಪಡಸಾಲೆಯ ಶಹಾಬಾದ್ ಕಲ್ಲು. ಹತ್ತಿ ಕಾಗದದಂತೆ ಉರಿದು ಬೂದಿಯಾಯಿತು. ರೆಕ್ಸಿನ್ ಕರಿಯ ಹೊಗೆ ಬಿಟ್ಟು ಎಲ್ಲರನ್ನೂ ಅಳಿಸಿತು. ಪಕ್ಕದ ಮನೆಯ ಹುಡುಗ ಗೋಡೆಯ ಮೇಲಿಂದ ಇಣುಕಿ, "ಕಾಕಾ, ಏನ್ ಸುಡ್ಲಿಕತ್ತೀರಿ?" ಎಂದ. ಪಾಲಿಯೆಸ್ಟರ್ ಕುಗ್ಗಿ, ಕರಗಿ, ಹನಿಯಾಗಿ ಬೀಳುತ್ತದೆಂಬುದನ್ನು ಅವನತ್ತ ತಿರುಗಿ ಉತ್ತರಿಸುವಾಗ ನನ್ನ ಲುಂಗಿಯೇ ತಿಳಿಸಿಕೊಟ್ಟಿತು.

ನಮ್ಮ ಅವ್ವ ಇದನ್ನೆಲ್ಲ ನೋಡುತ್ತ ಕೂತಿದ್ದಳು. "ಇಷ್ಟ್ಯಾಕ? ಮನ್ಯಾಗ ಕೌದಿ ಇಲ್ಲೇನು?" ಎಂದು ಹಳೆಯ ಸೀರೆಗಳಿಂದ ತಾನೇ ಹೊಲಿದ ಎರಡು ಕೌದಿಗಳನ್ನು ಗಾದಿಯ ಮೇಲೆ ಹಾಸಿ, ಮೇಲೆ ತಾನೇ ಕೂತು ವರ್ತುಲ ರಸ್ತೆಗೆ ಹೊರಟಳು. ಕೌದಿ ತಂಪಾಗಿತ್ತು, ಮೆತ್ತಗಿತ್ತು, ನೋಡಲು ಚೆಂದವಿತ್ತು. ಮೊದಲ ಉಬ್ಬಿನಲ್ಲಿ ಬ್ರೇಕು ಹಾಕಿದಾಗ ಕೌದಿಯೂ ಅವ್ವನೂ ಒಟ್ಟಿಗೆ ಮುಂದಿನ ಬೆಂಚಿನ ಕಾಲಿನವರೆಗೆ ಜಾರಿ ಬಂದರು. ಪೆಟ್ಟಾಗಲಿಲ್ಲ, ಕೌದಿ ದಪ್ಪವಿತ್ತು.

ಕೊನೆಗೆ ಒಪ್ಪಿದ್ದು ಒರಟು ನೇಯ್ಗೆಯ ಪಾಲಿಯೆಸ್ಟರ್. ಅದರ ನೂಲು ಮೇಲೆ ಬಣ್ಣ ಹಚ್ಚಿದ್ದಲ್ಲ; ಕರಗಿದ ಪಾಲಿಯೆಸ್ಟರಿನಲ್ಲೇ ಬಣ್ಣ ಬೆರೆಸಿ ಎಳೆ ತೆಗೆದದ್ದು. ಸುಣ್ಣ ಬಳಿದ ಗೋಡೆಗೂ ಅರಿಶಿನದ ಕೊಂಬಿಗೂ ಇರುವ ವ್ಯತ್ಯಾಸವದು; ಎಲ್ಲಿ ಮುರಿದರೂ ಒಳಗೆ ಅದೇ ಬಣ್ಣ. ನೇಯ್ಗೆ ಒರಟಾದ್ದರಿಂದ ಮೈಗೂ ಬಟ್ಟೆಗೂ ನಡುವೆ ಒಂದಿಷ್ಟು ಗಾಳಿ ಉಳಿಯುತ್ತದೆ, ಹಿಂಬದಿಯ ತೆಳು ಲೇಪ ನೀರನ್ನು ತಡೆಯುತ್ತದೆ. ಬಣ್ಣದ ಆಯ್ಕೆಯನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಎರೆಮಣ್ಣು, ಅರಿಶಿನ, ಶೇಂಗಾ ಹಿಂಡಿ, ಆರಿದ ಚಹಾ ಇವುಗಳನ್ನು ನಾಲ್ಕು ಸಣ್ಣ ಡಬ್ಬಿಗಳಲ್ಲಿ ತುಂಬಿಕೊಂಡು ಅಂಗಡಿಗೆ ಹೋದೆ. ಯಾವ ಬಟ್ಟೆಯ ಮೇಲೆ ನಾಲ್ಕೂ ಕಾಣುವುದಿಲ್ಲವೋ ಅದೇ ನಮ್ಮದು. ಪ್ರಸಾದವೆಂದು ತಿಳಿದು ಅಂಗಡಿಯ ಹುಡುಗ ಮಣ್ಣಿನ ಡಬ್ಬಿಗೆ ಕೈಯೊಡ್ಡಿದ. ಹೊಲಿಯುವ ದಿನ ಉಸ್ತಾದರು, ಹೊಲಿಗೆಯ ಒಳಬದಿಗೆ ನೀರು ತಡೆಯುವ ಪಟ್ಟಿ ಹಚ್ಚಲೇ ಎಂದು ಕೇಳಿದರು. ಬಟ್ಟೆಗೆ ಲೇಪವಿರುವಾಗ ಪಟ್ಟಿ ಯಾಕೆಂದು ಆ ಖರ್ಚನ್ನು ಉಳಿಸಿದೆ. ಗಾದಿ ಸಿದ್ಧವಾದ ದಿನ ಅವ್ವ ಅದರ ಮೇಲಿಟ್ಟ ಅಡಿಕೆ ಇನ್ನೂ ಸಿಕ್ಕಿಲ್ಲ.

ಜೂನ್ ಕೊನೆಯ ಭಾನುವಾರ ಆರು ಜನ ಬೀದರಿಗೆ ಹೊರಟೆವು. ಹುಮನಾಬಾದಿನವರೆಗೆ ಯಾರೂ ಅಂಟಲಿಲ್ಲ, ಯಾರೂ ಜಾರಲಿಲ್ಲ, ಯಾರ ಕೆಳಗೂ ಸದ್ದಾಗಲಿಲ್ಲ. ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕೆಂಬುದು ಎಲ್ಲರಿಗೂ ಗೊತ್ತಿದ್ದರೂ, ತಿರುಗಿ ಬಂದವರು ಎಲ್ಲಿ ಕೂರುತ್ತಾರೆಂದು ಯಾರೂ ಯೋಚಿಸಿರಲಿಲ್ಲ. ಅವ್ವನೊಬ್ಬಳು ಗಾಡಿಯಲ್ಲೇ ಉಳಿದಳು. ಮಿಕ್ಕ ಐವರು ಮೈಯಿಂದ ನೀರು ಸುರಿಸುತ್ತ ಬಂದು, ಮಳೆ ಹನಿಯುತ್ತಿದ್ದರಿಂದ ಹಾಗೆಯೇ ಒಳಗೆ ಹತ್ತಿ ಕೂತೆವು. ನಾನು ಹೆಮ್ಮೆಯಿಂದ ಬಟ್ಟೆಯ ಮೇಲೆ ಗುಂಡಗೆ ನಿಂತ ಹನಿಗಳನ್ನು ಎಲ್ಲರಿಗೂ ತೋರಿಸಿದೆ. ಆ ಹನಿಗಳು ಅವಸರವಿಲ್ಲದೆ ಉರುಳಿ, ಹೊಲಿಗೆಯ ಗೆರೆಯನ್ನು ಹುಡುಕಿ, ಸೂಜಿ ಹೋದ ದಾರಿಯಲ್ಲಿಯೇ ಒಳಗೆ ಇಳಿದವು. ಘನ ಮೀಟರಿಗೆ 40 ಕಿಲೋ ತೂಗಬೇಕಾದ ಫೋಮು ಸಂಜೆಯ ಹೊತ್ತಿಗೆ ಎಷ್ಟು ನೀರು ಕುಡಿದಿತ್ತೆಂದರೆ ಒಂದೊಂದು ಗಾದಿ ಇಳಿಸಲು ಇಬ್ಬರು ಬೇಕಾದರು. ಒಳಬರಲು ನೀರಿಗೆ ದಾರಿ ಸಿಕ್ಕಿತ್ತು; ಹೊರಹೋಗದಂತೆ ಅದೇ ಲೇಪ ತಡೆದಿತ್ತು.

ಮರುದಿನ ಬಿಸಿಲು ಬಿದ್ದ ಮೇಲೆ ಗವಸು ಕಳಚಿ, ನಾಲ್ಕು ಗಾದಿಗಳನ್ನೂ ರಸ್ತೆಯ ಬದಿಯ ತಂತಿ ಬೇಲಿಗೆ ಒರಗಿಸಿ ನಿಲ್ಲಿಸಿದೆವು. ಗವಸುಗಳನ್ನು ಗಾಡಿಯ ಮೇಲೆ ಹರವಿದೆವು. ಅವ್ವ ಪೆಟ್ಟಿಗೆಯಿಂದ ಕೌದಿ ತೆಗೆದು ಬೇವಿನ ನೆರಳಿನಲ್ಲಿ ಹಾಸಿ ಕೂತಳು. ಸ್ವಲ್ಪ ಹೊತ್ತಿನಲ್ಲಿ ಬೈಕಿನ ಮೇಲೆ ಹೋಗುತ್ತಿದ್ದ ದಂಪತಿ ನಿಂತು, ಕೆಳಗಿಳಿದು, ಗಾದಿಯನ್ನು ಬೆರಳಿನಿಂದ ಒತ್ತಿ, ಗವಸಿನ ಬಟ್ಟೆಯನ್ನು ಉಜ್ಜಿ ನೋಡಿ, "ಜೋಡಿ ಹ್ಯಾಂಗ ಕೊಡ್ತೀರಿ?" ಎಂದು ಕೇಳಿದರು. ಬಾಯಿ ತೆರೆದ ನಾನು ಬಟ್ಟೆಯ ಗುಣಗಳಿಂದಲೇ ಆರಂಭಿಸುವವನಿದ್ದೆ. ನಮ್ಮಾಕೆ ನನ್ನತ್ತ ತಿರುಗಿಯೂ ನೋಡದೆ ಬೆಲೆ ಹೇಳಿದಳು.