ಜೇನು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷವೇ?

ಜೇನುನೊಣಗಳು ಅಳಿದರೆ ಮನುಕುಲ ನಾಲ್ಕೇ ವರ್ಷದಲ್ಲಿ ಮುಗಿಯುತ್ತದೆ ಎಂಬ ಸಂದೇಶ, ಜಗತ್ಪ್ರಸಿದ್ಧ ಭೌತವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಅವರ ಚಿತ್ರ ಹೊತ್ತು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇದೆ. ಅವರು ಹಾಗೆ ಹೇಳಿದ್ದಕ್ಕೆ ದಾಖಲೆಯಿಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಈ ನಾಲ್ಕು ವರ್ಷದ ಮಾತು ಅವರ ಹೆಸರಿನಲ್ಲಿ ಅಚ್ಚಿನಲ್ಲಿ ಕಂಡದ್ದು 1960ರ ದಶಕದಲ್ಲಿ, ವ್ಯಾಪಕವಾಗಿ ಹರಡಿದ್ದು 1990ರ ದಶಕದಲ್ಲಿ.

ಲೆಕ್ಕವೂ ಕೂಡುವುದಿಲ್ಲ. ಭತ್ತ, ಗೋಧಿ, ಮೆಕ್ಕೆಜೋಳಕ್ಕೆ ಜೇನಿನ ಹಂಗಿಲ್ಲ. ಹೂಬಿಟ್ಟ ಮೆಕ್ಕೆಜೋಳದ ತುದಿಯನ್ನು ಮೆಲ್ಲಗೆ ಅಲುಗಿಸಿ ನೋಡಿ: ಹಳದಿ ಪುಡಿ ಗಾಳಿಯಲ್ಲಿ ತೇಲಿ, ತೆನೆಯ ರೇಷ್ಮೆಯಂಥ ಎಳೆಗಳಿಗೆ ಅಂಟುತ್ತದೆ. ಕುಂಬಳದ ಕಥೆ ಬೇರೆ. ಅದರ ಪರಾಗ ಅಂಟಂಟು, ಗಾಳಿಗೆ ಏಳದು. ಗಂಡು ಹೂವಿನಿಂದ ಹೆಣ್ಣು ಹೂವಿಗೆ ಕೀಟವೇ ಒಯ್ಯಬೇಕು. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಇಂಥ ನೆರವು ಅಷ್ಟಿಷ್ಟು ಬೇಕು, ಆದರೆ ಒಟ್ಟು ಇಳುವರಿಯಲ್ಲಿ ಅವುಗಳ ಪಾಲು ಸುಮಾರು ಶೇ 35. ನೆರವಾಗುವುದು ಜೇನೊಂದೇ ಅಲ್ಲ; ಒಂಟಿ ದುಂಬಿ, ಹೂನೊಣ, ಬಾವಲಿಗಳೂ ಇವೆ. ಕೀಟಗಳು ಕಡಿಮೆಯಾದರೆ ಹಣ್ಣು, ತರಕಾರಿ, ಬೀಜಗಳ ಫಸಲು ಕುಗ್ಗುತ್ತದೆ. ನನಗೆ ಕೇಳಿದರೆ, ಕಾಳಜಿಗೆ ಅಷ್ಟೇ ಸಾಕು.

ಸಂದೇಶ ಹಂಚಿದವರ ಕಳಕಳಿ ಸುಳ್ಳಲ್ಲ. ಮುಂದಿನ ಸಲ ಇಂಥದ್ದು ಬಂದಾಗ ಮಾತು ಯಾವ ಪುಸ್ತಕ, ಯಾವ ಭಾಷಣ, ಯಾವ ವರ್ಷದ್ದೆಂದು ಹುಡುಕಿ. ಬಳಿಕ ಅದರೊಳಗಿನ ಅಂಕಿ ಎಲ್ಲಿಂದ ಬಂತೆಂದು ಕೇಳಿ. ಇಲ್ಲಿ ಆ ‘ನಾಲ್ಕು’ ಎಲ್ಲಿಂದಲೂ ಬಂದಿಲ್ಲ.