ಏಸಿ ಫಿಲ್ಟರ್‌ನಲ್ಲಿ ಒಂದು ವರ್ಷದ ಬೆಂಗಳೂರು

ಆಯುಧಪೂಜೆ ದಿನ ಕಾರಿಗೆ ನಡೆಯೋ ಉಪಚಾರ ನೋಡ್ಬೇಕು, ಚಕ್ರಕ್ಕೊಂದು ನಿಂಬೆಹಣ್ಣು, ಬಾನೆಟ್‌ಗೆ ಸೇವಂತಿಗೆ ಹಾರ, ಎರಡು ಕಡೆ ಬಾಳೆಕಂದು, ಸ್ಟೀರಿಂಗ್‌ಗೂ ವಿಭೂತಿ. ಆದ್ರೆ ವರ್ಷಪೂರ್ತಿ ನಮ್ಮ ಮೂಗಿಗೆ ಬರಬೇಕಾದ ಧೂಳನ್ನೆಲ್ಲ ತಾನು ನುಂಗ್ಕೊಂಡು ಕತ್ತಲಲ್ಲಿ ಕೂತಿರೋ ಏಸಿ ಫಿಲ್ಟರ್‌ಗೆ ಒಂದು ಚಿಟಿಕೆ ಕುಂಕುಮಾನೂ ಇಲ್ಲ. ಹೆಸರಿಗಷ್ಟೇ ಏಸಿ ಫಿಲ್ಟರ್, ಏಸಿ ಆಫ್ ಮಾಡಿ ಬರೀ ಫ್ಯಾನ್ ಹಾಕಿದ್ರೂ ಗಾಳಿ ಇದನ್ನ ದಾಟ್ಕೊಂಡೇ ಬರ್ಬೇಕು.

ಸರ್ವಿಸ್‌ಗೆ ಬಿಟ್ರೆ ಅವರೇ ಹಾಕ್ತಾರೆ, ಬಿಲ್ಲಲ್ಲಿ ಫಿಲ್ಟರ್‌ಗೊಂದು ಲೈನು, ಲೇಬರ್‌ಗೊಂದು ಲೈನು. ನಾವೇ ಹಾಕೋದಾದ್ರೆ ಕಾರಿನ ಬಿಡಿಭಾಗದ ಅಂಗಡಿಗಳಿರೋ ಜೆಸಿ ರೋಡಲ್ಲಿ ಮಾಡೆಲ್ಲು, ವರ್ಷ ಹೇಳಿದ್ರೆ ಅಂಗಡಿಯವನು ತಿರುಗಿ ನೋಡದೆ ಹಿಂದಿನ ರ‍್ಯಾಕ್‌ಗೆ ಕೈ ಹಾಕಿ ಡಬ್ಬ ತೆಗ್ದುಕೊಡ್ತಾನೆ. ಹಾಕೋದು ಹತ್ತು ನಿಮಿಷದ ಕೆಲಸ ಅಂತಾರೆ, ನಿಜಾನೇ, ಆದ್ರೆ ಫಿಲ್ಟರ್ ಇರೋದು ಗ್ಲೋವ್ ಬಾಕ್ಸ್ ಹಿಂದೆ, ಮೊದ್ಲು ಆ ಬಾಕ್ಸ್ ಖಾಲಿ ಮಾಡ್ಬೇಕಲ್ಲ, ಅದು ಯಾವ ವಿಡಿಯೋದಲ್ಲೂ ತೋರ್ಸಲ್ಲ. ಯಾವತ್ತೋ ಮುಗಿದ ಎಮಿಷನ್ ಸರ್ಟಿಫಿಕೇಟ್‌ಗಳು, ಧರ್ಮಸ್ಥಳದ ಕುಂಕುಮದ ಪೊಟ್ಟಣ ಒಡೆದು ಇನ್ಶೂರೆನ್ಸ್ ಪೇಪರ್ ಅರ್ಧ ಕೆಂಪಾಗಿದೆ, ಚಾರ್ಮಾಡಿ ಘಾಟಿಗೆ ಅಂತ ಮಡಚಿಟ್ಟ ವಾಂತಿ ಕವರ್‌ಗಳು, ಅಂಟಿಕೊಂಡಿರೋ ಹುಣಸೆಹಣ್ಣಿನ ಕ್ಯಾಂಡಿ. ಎಲ್ಲಾನೂ ಸೀಟಿನ ಮೇಲೆ ಸುರಿದು, ಬಾಕ್ಸಿನ ಎರಡೂ ಪಕ್ಕಾನ ಒಳಕ್ಕೆ ಅದುಮಿದ್ರೆ ಅದು ತಡೆ ತಪ್ಪಿಸ್ಕೊಂಡು ದಡ್ ಅಂತ ಜೋತುಬೀಳುತ್ತೆ, ನಮ್ಮ ಕಾರಲ್ಲಿ ಹೀಗೆ, ಕೆಲವದ್ರಲ್ಲಿ ಸ್ಕ್ರೂ ಬಿಚ್ಚಬೇಕು. ಹಿಂದೆ ಒಂದು ಉದ್ದನೆ ಪ್ಲಾಸ್ಟಿಕ್ ಮುಚ್ಚಳ, ಕ್ಲಿಪ್ ಒತ್ತಿ ಅದನ್ನ ತೆಗೆದು ಒಳಗಿರೋದನ್ನ ಮೆಲ್ಲಗೆ ಎಳೀಬೇಕು, ಜೋರಾಗಿ ಎಳೆದ್ರೆ ಮೇಲಿರೋ ಕಸ ಎಲ್ಲ ಕೆಳಗಿನ ಬ್ಲೋವರ್‌ಗೆ ಬಿದ್ದು ಆಮೇಲೆ ಫ್ಯಾನ್ ಹಾಕಿದಾಗೆಲ್ಲ ಕಟಕಟ ಅನ್ನುತ್ತೆ.

ಹೊರಗೆ ಬಂದಿದ್ದನ್ನ ಕಾಂಪೌಂಡ್ ಗೋಡೆ ಮೇಲಿಟ್ಟು ನೋಡ್ತಾ ಕೂತೆ. ಬಿಳಿ ಇದ್ದಿದ್ದು ಈಗ ಬೂದಿ ಬಣ್ಣ, ನೆರಿಗೆಗಳ ತಳದಲ್ಲಿ ಕಪ್ಪು. ಒಂದು ನೆರಿಗೆ ಬಿಡಿಸಿದ್ರೆ ಒಣಗಿದ ಹೊಂಗೆ ಹೂವಿನ ಎಸಳು, ಇನ್ನೊಂದ್ರಲ್ಲಿ ಗುಲ್‌ಮೊಹರ್‌ನ ಪುಟಾಣಿ ಎಲೆ, ಬೂರುಗದ ಹತ್ತಿ ಎಳೆ, ಒಂದು ಜೇನಿನ ರೆಕ್ಕೆ, ರೆಕ್ಕೆ ಮಾತ್ರ. ವೈಪರ್ ಕೆಳಗಿನ ಜಾಲರಿಯಿಂದ ಹೊರಗಿನ ಗಾಳಿ ಒಳಗೆ ಬರೋದು, ನಾವು ಗಾಡಿ ನಿಲ್ಸೋದು ಮರದ ನೆರಳು ಹುಡುಕಿ, ಆಗದೇ ಇರುತ್ತಾ? 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್ ನೋಡ್ಕೊಂಡ ಜರ್ಮನಿಯ ಕ್ರುಂಬಿಗಲ್ ಸಾಹೇಬ್ರು, ಒಂದು ಜಾತಿ ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಊರಲ್ಲಿ ಹೂವಿರ್ಬೇಕು ಅಂತ ಲೆಕ್ಕ ಹಾಕಿ ಮರ ನೆಡಿಸಿದ್ರು. 1980ರ ದಶಕದಲ್ಲಿ ಅರಣ್ಯ ಇಲಾಖೆಯ ನೇಗಿನಹಾಳರು ಬಡಾವಣೆ ಬಡಾವಣೆಗೂ ಲಕ್ಷಗಟ್ಟಲೆ ಸಸಿ ನೆಡಿಸಿದ್ರು. ಅವರ ಲೆಕ್ಕಾಚಾರದ ಪಂಚಾಂಗ ಈಗ ನನ್ನ ಕೈಯಲ್ಲಿದೆ, ಯುಗಾದಿಯಿಂದ ಯುಗಾದಿವರೆಗೆ, ಮಧ್ಯ ಮಧ್ಯ ಮೆಟ್ರೋ ಕಾಮಗಾರಿ ಧೂಳು ಬೆರೆಸಿ.

ಕಪ್ಪು ಮಸಿ ಮಾತ್ರ ಮರದ್ದಲ್ಲ, ಅದು ಡೀಸೆಲ್ ಹೊಗೆ. ಹೆಬ್ಬಾಳದಲ್ಲಿ ಮುಂದೆ ಲಾರಿ ಸಿಕ್ರೆ ನಾವೆಲ್ಲ ಆ ಯೂಟರ್ನ್ ಬಾಣದ ಬಟನ್ ಒತ್ತಿ ಒಳಗಿನ ಗಾಳೀನೇ ಸುತ್ತಿಸ್ತೀವಿ, ಒಳ್ಳೇದೇ, ಆದ್ರೆ ಅದನ್ನ ತುಮಕೂರುವರೆಗೂ ಮರೆತು ಕೂತ್ರೆ ಕಾರಲ್ಲಿರೋರು ಬಿಟ್ಟ ಉಸಿರೇ ತುಂಬ್ಕೊಂಡು ಎಲ್ಲರಿಗೂ ತೂಕಡಿಕೆ ಶುರು. ಕಾರ್ಬನ್ ಇರೋ ಫಿಲ್ಟರ್‌ಗೆ ಸ್ವಲ್ಪ ದುಡ್ಡು ಜಾಸ್ತಿ, ವಾಸನೆ ಒಂದಷ್ಟು ಹೀರುತ್ತೆ, ಹಾಗಂತ ಕಾರ್ಬನ್ ಮೊನಾಕ್ಸೈಡ್‌ನ ತಡೆಯುತ್ತೆ ಅಂದ್ಕೋಬಾರ್ದು.

ಅಪ್ಪ ಬಂದು ಹಳೇದನ್ನ ತಿರುಗಿಸಿ ಮುರುಗಿಸಿ ನೋಡಿದ್ರು. "ಚೆನ್ನಾಗೇ ಇದೆಯಲ್ಲೋ, ಕೊಡವಿ ಬಿಸಿಲಿಗಿಟ್ರೆ ಇನ್ನೊಂದು ವರ್ಷ ಬರಲ್ವಾ?"

"ಬರಲ್ಲಪ್ಪ, ಕೊಡವಿದ್ರೆ ದಪ್ಪ ಧೂಳು ಹೋಗುತ್ತೆ, ಸಣ್ಣದು ಎಳೆ ಒಳಗೇ ಕೂತಿರುತ್ತೆ. ಈ ಎಳೇಲಿ ಸ್ಟ್ಯಾಟಿಕ್ ಕರೆಂಟ್ ತರದ್ದು ಇರುತ್ತೆ, ಅದೇ ಧೂಳನ್ನ ಎಳ್ಕೊಳ್ಳೋದು, ತೊಳೆದ್ರೆ ಅದೂ ಹೋಯ್ತು."

"ಕರೆಂಟಾ? ಇದ್ರಲ್ಲಾ?" ಅಂದವರು ಅದನ್ನ ಪೇಪರಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ರು, ಕೆಟ್ಟ ಮಿಕ್ಸಿ ಜಾರ್ ಪಕ್ಕಕ್ಕೆ. ಬಿಸಾಕೋದು ಅನ್ನೋದು ಅವರ ಪ್ರಕಾರ ಸೋಮಾರಿಗಳ ಕೆಲಸ.

ಹೊಸದನ್ನ ಹಾಕುವಾಗ ನೋಡ್ಬೇಕಾದ್ದು ಒಂದೇ, ಅಂಚಿನಲ್ಲಿರೋ ಗಾಳಿ ದಿಕ್ಕಿನ ಬಾಣ, ನಮ್ಮದ್ರಲ್ಲಿ ಅದು ಕೆಳಮುಖ. ಹತ್ತರಿಂದ ಹದಿನೈದು ಸಾವಿರ ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ ಅಂತ ಸಾಮಾನ್ಯವಾಗಿ ಹೇಳ್ತಾರೆ, ನನ್ನ ಕೇಳಿದ್ರೆ ಮಳೆಗಾಲಕ್ಕೆ ಮುಂಚೆ ಬೆಸ್ಟು, ಕಟ್ಕೊಂಡಿರೋ ಫಿಲ್ಟರ್ ಇದ್ರೆ ಮಳೇಲಿ ಗ್ಲಾಸ್ ಮೇಲಿನ ಮಂಜು ಬೇಗ ಹೋಗಲ್ಲ. ಇಲಿ ಕಾಟ ಇರೋರು ಆಗಾಗ ಬಗ್ಗಿ ನೋಡೋದು ವಾಸಿ, ಈ ಫಿಲ್ಟರ್ ಹರಿದು ಗೂಡು ಮಾಡೋದಂದ್ರೆ ಅವಕ್ಕೆ ಖುಷಿ, ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದ್ರೂ ಕ್ಯಾರೇ ಅನ್ನಲ್ಲ.

ಇದನ್ನೆಲ್ಲ ಗೇಟ್ ಆಚೆಯಿಂದ ನೋಡ್ತಿದ್ದ ಪಕ್ಕದ್ಮನೆ ಅಂಕಲ್ "ನಮ್ದೂ ಒಂದ್ಸಲ ನೋಡಪ್ಪ" ಅಂದ್ರು, ಅವರದ್ದು ಹಳೇ ಬೇಸ್ ಮಾಡೆಲ್ಲು. ಗ್ಲೋವ್ ಬಾಕ್ಸ್ ಇಳಿಸಿ ಮುಚ್ಚಳ ತೆಗೆದ್ರೆ ಒಳಗೆ ಏನೂ ಇಲ್ಲ, ಬರೀ ಸ್ಲಾಟ್. ಕೆಲವು ಗಾಡಿಗಳಿಗೆ ಕಂಪನಿಯಿಂದ ಬರುವಾಗ್ಲೇ ಫಿಲ್ಟರ್ ಇರಲ್ಲ ಅಂಕಲ್, ತಂದು ಹಾಕಿದ್ರೆ ಆಯ್ತು ಅಂದೆ. ಅವರು ಟಾರ್ಚ್ ಬಿಟ್ಟು ಒಳಗೆ ಇಣುಕಿ, "ಹಂಗಾದ್ರೆ ಇಷ್ಟು ವರ್ಷ ಆ ಕಸ ಎಲ್ಲಾ ಎಲ್ಲಿಗೆ ಹೋಯ್ತು?" ಅಂತ ಕೇಳಿದ್ರು. ನಾನು ಹೇಳೋಕೆ ಮುಂಚೆ ಅವರಿಗೇ ಹೊಳೀತು ಅನ್ಸುತ್ತೆ, ಮೂಗು ಉಜ್ಜಿಕೊಂಡು "ಜೆಸಿ ರೋಡಿಗೆ ಯಾವಾಗ ಹೋಗ್ತೀಯ?" ಅಂದ್ರು.